ಮೊಡವೆ ಮತ್ತು ಜಿಡ್ಡು ಚರ್ಮಕ್ಕೆ ಆಯುರ್ವೇದ: ಯಾವುದು ಉಪಯೋಗ, ಎಲ್ಲಿಗೆ ನಿಲ್ಲಿಸಬೇಕು?

ಮುಖದಲ್ಲಿ ನಾಲ್ಕು ಮೊಡವೆ ಕಾಣಿಸಿದರೆ ಸಾಕು, ಸಲಹೆಗಳು ಶುರುವಾಗುತ್ತವೆ. ಅಜ್ಜಿ ಅರಿಶಿನ ಹಚ್ಚು ಎನ್ನುತ್ತಾರೆ, ಚಿಕ್ಕಮ್ಮ ಮುಲ್ತಾನಿ ಮಿಟ್ಟಿ ಎನ್ನುತ್ತಾರೆ, ಗೆಳತಿ ಯಾವುದೋ ‘ಹರ್ಬಲ್’ ಕ್ರೀಮಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಕೆಲವು ಒಳ್ಳೆಯದನ್ನೂ ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡುವುದಿಲ್ಲ. ಇನ್ನು ಕೆಲವು ಮುಖವನ್ನೇ ಹಾಳುಮಾಡುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು, ಮನೆಮದ್ದನ್ನು ಎಷ್ಟು ದಿನ ಮಾಡಿ ನೋಡಬಹುದು, ಯಾವಾಗ ಅದನ್ನು ಬಿಟ್ಟು ವೈದ್ಯರ ಬಳಿಗೆ ಹೋಗಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಒಂದು ನೋಟದಲ್ಲಿ

• ಕಡಿಮೆ ಪ್ರಮಾಣದ ಮೊಡವೆಗೆ ಮತ್ತು ಮುಖದ ಜಿಡ್ಡು ಕಡಿಮೆ ಮಾಡಲು ಕೆಲವು ಲೇಪಗಳು ಸಹಾಯ ಮಾಡುತ್ತವೆ.
• ಯಾವ ಮದ್ದಾದರೂ ಫಲ ಕಾಣಲು ಕನಿಷ್ಠ 6ರಿಂದ 8 ವಾರ ಬೇಕು.
• ಮೂರು ನಾಲ್ಕು ದಿನದಲ್ಲಿ ಮುಖ ತಿಳಿಯಾಗಿ ಬೆಳ್ಳಗಾದರೆ ಆ ಕ್ರೀಮಿನ ಬಗ್ಗೆ ಅನುಮಾನ ಪಡಿ.
• ಆಳವಾದ, ನೋಯುವ ಗಂಟುಗಳಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಅವು ಬಿಟ್ಟುಹೋಗುವ ಕುಳಿಗಳು ಮತ್ತೆ ತುಂಬುವುದಿಲ್ಲ.

ಮೊಡವೆ ಹೇಗೆ ಬರುತ್ತದೆ?

ನಮ್ಮ ಚರ್ಮದ ಪ್ರತಿಯೊಂದು ಕೂದಲಿನ ಬುಡದಲ್ಲೂ ಒಂದು ಸಣ್ಣ ಜಿಡ್ಡಿನ ಗ್ರಂಥಿ ಇರುತ್ತದೆ. ಅದು ಒಸರಿಸುವ ಎಣ್ಣೆಯಂಥ ಪದಾರ್ಥಕ್ಕೆ ಸೀಬಮ್ ಎನ್ನುತ್ತಾರೆ. ಚರ್ಮ ಒಣಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಹದಿಹರೆಯದಲ್ಲಿ ಆಂಡ್ರೊಜನ್ ಎಂಬ ಹಾರ್ಮೋನುಗಳು ಹೆಚ್ಚಾದಾಗ ಈ ಗ್ರಂಥಿಗಳು ದೊಡ್ಡದಾಗಿ ಹೆಚ್ಚು ಜಿಡ್ಡು ಸುರಿಸುತ್ತವೆ. ಅದೇ ಹೊತ್ತಿಗೆ ರಂಧ್ರದ ಒಳಗಿನ ಸತ್ತ ಜೀವಕೋಶಗಳು ಸರಿಯಾಗಿ ಉದುರದೆ ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಕಟ್ಟಿಕೊಂಡ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತಲಿನ ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ. ಅಂದರೆ ಜಿಡ್ಡು, ಬಿರಡೆ, ಬ್ಯಾಕ್ಟೀರಿಯಾ ಮತ್ತು ಉರಿಯೂತ, ಈ ನಾಲ್ಕೂ ಸೇರಿ ಮೊಡವೆಯಾಗುತ್ತದೆ.

ಇದನ್ನು ತಿಳಿದರೆ ಎರಡು ತಪ್ಪು ಕಲ್ಪನೆಗಳು ದೂರವಾಗುತ್ತವೆ. ಮೊದಲನೆಯದು, ಮೊಡವೆ ಕೊಳೆಯಿಂದ ಬರುವುದಿಲ್ಲ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಬಣ್ಣ ಧೂಳಿನದಲ್ಲ. ರಂಧ್ರದ ಬಾಯಿಯಲ್ಲಿರುವ ಪದಾರ್ಥ ಗಾಳಿಗೆ ಸಿಕ್ಕಿ ಕಪ್ಪಾಗಿರುತ್ತದೆ. ಹಾಗಾಗಿ ಉಜ್ಜಿ ಉಜ್ಜಿ ತೊಳೆದರೆ ಅದು ಹೋಗುವುದಿಲ್ಲ. ಎರಡನೆಯದು, ಜಿಡ್ಡು ಹೆಚ್ಚಾಗಲು ಹಾರ್ಮೋನೇ ಮುಖ್ಯ ಕಾರಣ. ಮೇಲಿನಿಂದ ಹಚ್ಚುವ ಲೇಪ ಮೇಲ್ಮೈಯ ಜಿಡ್ಡನ್ನು ಹೀರಿಕೊಳ್ಳಬಹುದು, ಗ್ರಂಥಿಯ ಕೆಲಸವನ್ನು ನಿಲ್ಲಿಸಲಾರದು.

ಆಯುರ್ವೇದದಲ್ಲಿ ಮೊಡವೆ

ಸುಶ್ರುತ ಸಂಹಿತೆಯಲ್ಲಿ ಮೊಡವೆಯನ್ನು ‘ಕ್ಷುದ್ರರೋಗ’ಗಳ ಸಾಲಿನಲ್ಲಿ ಹೇಳಿದೆ. ಅದಕ್ಕೆ ‘ಮುಖದೂಷಿಕಾ’ ಎಂಬ ಹೆಸರಿದೆ, ‘ಯೌವನಪಿಡಕಾ’ ಎಂದೂ ಕರೆಯುತ್ತಾರೆ. ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳು ಎಂಬುದು ಅಲ್ಲಿನ ವರ್ಣನೆ. ಕಫ, ವಾತ ಮತ್ತು ರಕ್ತ ಕೆಟ್ಟಾಗ ಇವು ಹುಟ್ಟುತ್ತವೆ ಎಂದು ಆ ಶಾಸ್ತ್ರ ವಿವರಿಸುತ್ತದೆ. ವೈದ್ಯರು ‘ರಕ್ತಶುದ್ಧಿ’ಯ ಔಷಧಿ ಎಂದು ಕೊಡುವುದು ಈ ತಿಳಿವಳಿಕೆಯ ಮೇಲೆ. ಅದರರ್ಥ ನಿಮ್ಮ ರಕ್ತದಲ್ಲಿ ವಿಷವಿದೆ, ಪರೀಕ್ಷೆ ಮಾಡಿಸಿದರೆ ಕಾಣುತ್ತದೆ ಎಂದಲ್ಲ.

ಹಳೆಯ ಔಷಧಿಗಳೆಲ್ಲವೂ ಒಂದೇ ಮಟ್ಟದಲ್ಲಿ ಕೆಲಸ ಮಾಡುತ್ತವೆಯೇ? ಇಲ್ಲ. 1995ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಮೊಡವೆಗೆ ಕೊಡುವ ನಾಲ್ಕು ಆಯುರ್ವೇದ ಔಷಧಿಗಳನ್ನು ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿದರು. ಸ್ಪಷ್ಟವಾಗಿ ಗುಣ ಕಂಡಿದ್ದು ಒಂದರಲ್ಲಿ ಮಾತ್ರ. ಕೊಡಸಿಗೆ, ನೆಲ್ಲಿಕಾಯಿ, ವಾಯುವಿಡಂಗ ಮತ್ತು ಒಣಶುಂಠಿ ಸೇರಿದ ‘ಸುಂದರ ವಟಿ’ ಎಂಬ ಮಾತ್ರೆ ಅದು. ಉಳಿದ ಮೂರರಲ್ಲಿ ಅಂಥ ಫಲ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಅದೊಂದರ ಮೇಲೆ ತೀರ್ಮಾನ ಮಾಡಲಾಗದು. ಆದರೆ ‘ಆಯುರ್ವೇದ’ ಎಂದು ಬರೆದಿದ್ದೆಲ್ಲ ಕೆಲಸ ಮಾಡುತ್ತದೆ ಎಂದಾಗಲಿ, ಯಾವುದೂ ಕೆಲಸ ಮಾಡುವುದಿಲ್ಲ ಎಂದಾಗಲಿ ಹೇಳುವುದು ಸರಿಯಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಿಮ್ಮ ಮೊಡವೆ ಯಾವ ಮಟ್ಟದ್ದು?

ಮದ್ದು ಆರಿಸುವ ಮೊದಲು ಹಗಲು ಬೆಳಕಿನಲ್ಲಿ ಕನ್ನಡಿ ನೋಡಿಕೊಳ್ಳಿ.

ಸೌಮ್ಯ: ಬಿಳಿ ಅಥವಾ ಕಪ್ಪು ತಲೆಯ ಸಣ್ಣ ಗುಳ್ಳೆಗಳು, ಅಲ್ಲೊಂದು ಇಲ್ಲೊಂದು ಕೆಂಪು ಮೊಡವೆ. ಮನೆಯಲ್ಲಿಯೇ ಆರೈಕೆ ಮಾಡಿ ನೋಡಬಹುದು.

ಮಧ್ಯಮ: ಕೆಂಪು ಮೊಡವೆಗಳು ಮತ್ತು ಕೀವು ತುಂಬಿದ ಗುಳ್ಳೆಗಳು ಮುಖದ ಬಹುಭಾಗದಲ್ಲಿ, ಕೆಲವೊಮ್ಮೆ ಎದೆ ಮತ್ತು ಬೆನ್ನಿನಲ್ಲೂ ಇರುತ್ತವೆ. ಲೇಪಗಳು ಇಲ್ಲಿ ಜೊತೆಗಿನ ಸಹಾಯವಷ್ಟೇ. ವೈದ್ಯರ ಸಲಹೆ ಬೇಕು.

ತೀವ್ರ: ಮುಟ್ಟಿದರೆ ನೋಯುವ, ಚರ್ಮದ ಆಳದಲ್ಲಿರುವ ಗಂಟುಗಳು, ಈಗಾಗಲೇ ಕುಳಿ ಬೀಳುತ್ತಿರುವ ಜಾಗಗಳು. ಇಂದೇ ಚರ್ಮರೋಗ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಇಲ್ಲಿ ಲೇಪ ಹಚ್ಚಿ ಕಾಯುವ ಒಂದೊಂದು ತಿಂಗಳೂ ಮುಖದ ಮೇಲೆ ಉಳಿದುಬಿಡುತ್ತದೆ.

ಕಲೆಗೂ ಕುಳಿಗೂ ವ್ಯತ್ಯಾಸವಿದೆ. ಮೊಡವೆ ಹೋದ ಮೇಲೆ ಉಳಿಯುವ ಕಂದು ಅಥವಾ ಕಪ್ಪು ಕಲೆ ಕೆಲವು ತಿಂಗಳಲ್ಲಿ ತಾನಾಗಿ ಮಾಸುತ್ತದೆ. ಬೆರಳಿಗೆ ತಗ್ಗು ಸಿಕ್ಕಿದರೆ ಅದು ಕುಳಿ. ಅದನ್ನು ಯಾವ ಎಣ್ಣೆಯೂ ಯಾವ ಪುಡಿಯೂ ತುಂಬಿಸಲಾರದು.

ಹಚ್ಚಬಹುದಾದ ಮದ್ದುಗಳು

ಮುಲ್ತಾನಿ ಮಿಟ್ಟಿ: ಜಿಡ್ಡು ಹೀರುವ ಜೇಡಿಮಣ್ಣು. ಎರಡು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ ತೆಳುವಾಗಿ ಹಚ್ಚಿ. 10 ನಿಮಿಷದೊಳಗೆ, ಪೂರ್ತಿ ಒಣಗಿ ಬಿರುಕು ಬಿಡುವ ಮೊದಲೇ ತೊಳೆಯಿರಿ. ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ಇದು ಮೊಡವೆ ಗುಣಪಡಿಸುವ ಔಷಧಿಯಲ್ಲ, ಮುಖ ಜಿಡ್ಡಾಗಿ ಹೊಳೆಯುವುದನ್ನು ಕೆಲವು ಗಂಟೆ ತಗ್ಗಿಸುತ್ತದೆ.

ಬೇವು: ಬೇವಿನ ಎಲೆಯ ಸಾರಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣ ಇರುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಎಳೆಯ ಎಲೆಗಳನ್ನು ತೊಳೆದು ನುಣ್ಣಗೆ ಅರೆದು ಮೊಡವೆ ಇರುವಲ್ಲಿ ಮಾತ್ರ 10 ನಿಮಿಷ ಹಚ್ಚಿ. ಬೇವಿನ ಎಣ್ಣೆಯನ್ನು ಮಾತ್ರ ನೇರವಾಗಿ ಮುಖಕ್ಕೆ ಹಚ್ಚಬೇಡಿ. ಅದು ಚರ್ಮವನ್ನು ಕೆರಳಿಸುತ್ತದೆ.

ಅರಿಶಿನ: ಇದರಲ್ಲಿರುವ ಕರ್ಕ್ಯುಮಿನ್ ಉರಿಯೂತ ಇಳಿಸುವ ಪದಾರ್ಥ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಚರ್ಮದೊಳಗೆ ಇಳಿಯುವುದೂ ಕಡಿಮೆ. ಹೆಚ್ಚು ಹಾಕಿದರೆ ಹೆಚ್ಚು ಫಲ ಎಂಬುದಿಲ್ಲ, ಮುಖ ಹಳದಿಯಾಗುತ್ತದೆ ಅಷ್ಟೆ. ಲೇಪಕ್ಕೆ ಒಂದು ಚಿಟಿಕೆ ಸಾಕು. ಕಲೆ ಬೇಡವೆನ್ನುವವರು ಕಸ್ತೂರಿ ಅರಿಶಿನ ಬಳಸಬಹುದು. ಬಿಡಿಯಾಗಿ ಸಿಗುವ ಪುಡಿಗೆ ಬಣ್ಣ ಬೆರೆಸಿರುವ ಸಾಧ್ಯತೆ ಇರುವುದರಿಂದ ಕೊಂಬು ತಂದು ತೇಯುವುದು ಒಳ್ಳೆಯದು.

ಶ್ರೀಗಂಧ ಮತ್ತು ರಕ್ತಚಂದನ: ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಕೆಂಪಾದ ಮೊಡವೆಗೆ ತಂಪು ಕೊಡುತ್ತದೆ. ಅಗ್ಗದ ‘ಗಂಧದ ಪುಡಿ’ ಪೊಟ್ಟಣದಲ್ಲಿ ಹೆಚ್ಚಾಗಿ ಇರುವುದು ಸುವಾಸನೆ ಬೆರೆಸಿದ ಬೇರೆ ಮರದ ಪುಡಿ. ಅದರಿಂದ ತುರಿಕೆ ಬರಬಹುದು.

ಲೋಳೆಸರ: ಎಲೆ ಕತ್ತರಿಸಿ 10–15 ನಿಮಿಷ ನಿಲ್ಲಿಸಿ, ಸೋರುವ ಹಳದಿ ರಸವನ್ನು ತೊಳೆದುಹಾಕಿ. ಆ ರಸ ಚರ್ಮ ಕೆರಳಿಸುತ್ತದೆ. ಒಳಗಿನ ತಿಳಿಯಾದ ಲೋಳೆಯನ್ನು ಮಾತ್ರ ಬಳಸಿ. ಮೊಡವೆಗೆ ವೈದ್ಯರು ಕೊಡುವ ಟ್ರೆಟಿನಾಯಿನ್ ಔಷಧಿಯ ಜೊತೆ ಲೋಳೆಸರದ ಜೆಲ್ ಸೇರಿಸಿದಾಗ ಹೆಚ್ಚು ಫಲ ಸಿಕ್ಕಿತೆಂದು ಇರಾನಿನಲ್ಲಿ ನಡೆದ ಒಂದು ಅಧ್ಯಯನ ಹೇಳುತ್ತದೆ. ಜಿಡ್ಡು ಚರ್ಮದವರು ಮಾಯಿಶ್ಚರೈಸರ್ ಬದಲು ಇದನ್ನು ಬಳಸಬಹುದು.

ಲೋಧ್ರ, ಕೊತ್ತಂಬರಿ ಬೀಜ ಮತ್ತು ಬಜೆ: ಈ ಮೂರರ ಪುಡಿಯನ್ನು ಸಮನಾಗಿ ಬೆರೆಸಿದ ಲೇಪ ಮೊಡವೆಗೆ ಆಯುರ್ವೇದ ವೈದ್ಯರು ಹಿಂದಿನಿಂದಲೂ ಹೇಳುತ್ತಾ ಬಂದಿರುವುದು. ಲೋಧ್ರದ ತೊಗಟೆಗೆ ಒಗರು ಗುಣವಿದೆ. ಬಜೆ ಕೆಲವರಿಗೆ ಉರಿಯುತ್ತದೆ, ಆದ್ದರಿಂದ ಮೊದಲು ಪರೀಕ್ಷೆ ಮಾಡಿಕೊಳ್ಳಿ.

ಕುಂಕುಮಾದಿ ತೈಲ: ಇದಕ್ಕೆ ಎಳ್ಳೆಣ್ಣೆಯೇ ಆಧಾರ. ಒಣ ಚರ್ಮದವರಿಗೆ ಹಿತವೆನಿಸಬಹುದು. ಜಿಡ್ಡು ಚರ್ಮ ಇರುವವರು, ಮೊಡವೆ ಏಳುತ್ತಿರುವಾಗ, ಇದನ್ನು ಹಚ್ಚುವುದು ಬೇಡ.

ಲೇಪ ಹಚ್ಚುವ ಕ್ರಮ

ಲೇಪದ ಬಗ್ಗೆ ಸುಶ್ರುತ ಸಂಹಿತೆಯೇ ಎರಡು ಎಚ್ಚರಿಕೆ ಕೊಡುತ್ತದೆ: ರಾತ್ರಿ ಲೇಪ ಹಚ್ಚಬಾರದು, ಒಣಗಿದ ಲೇಪವನ್ನು ಹಾಗೆಯೇ ಬಿಡಬಾರದು. ಹಚ್ಚಿಕೊಂಡು ಮಲಗಿ ಬೆಳಿಗ್ಗೆ ತೊಳೆಯಿರಿ ಎನ್ನುವ ವಿಡಿಯೊಗಳು ಆಯುರ್ವೇದದ ಹೆಸರಿನಲ್ಲಿ ಆಯುರ್ವೇದಕ್ಕೇ ವಿರುದ್ಧವಾದುದನ್ನು ಹೇಳುತ್ತಿವೆ.

1. ಹೊಸ ಲೇಪವನ್ನು ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ತೊಳೆಯಿರಿ. 48 ಗಂಟೆ ಕಾದು ನೋಡಿ. ಕೆಂಪು, ತುರಿಕೆ, ಉರಿ ಬಂದರೆ ಅದು ನಿಮಗೆ ಆಗದು.
2. ಒಂದು ಸಲಕ್ಕೆ ಒಂದೇ ಮದ್ದು. ಐದು ಪುಡಿ ಬೆರೆಸಿದರೆ ಯಾವುದರಿಂದ ಗುಣ, ಯಾವುದರಿಂದ ಅಲರ್ಜಿ ಎಂದು ತಿಳಿಯುವುದಿಲ್ಲ.
3. ಮುಖ ತೊಳೆದು, ತೆಳುವಾಗಿ ಹಚ್ಚಿ, ಅರೆಒಣಗಿದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿ ತೊಳೆಯಿರಿ. ಉಜ್ಜಿ ಕೀಳಬೇಡಿ.
4. ಕಲಸಿದ ಲೇಪವನ್ನು ಮರುದಿನಕ್ಕೆ ಇಡಬೇಡಿ.
5. ಅಡಪಲೀನ್, ಟ್ರೆಟಿನಾಯಿನ್, ಬೆಂಜಾಯ್ಲ್ ಪೆರಾಕ್ಸೈಡ್ ಮುಂತಾದ ಔಷಧಿ ಹಚ್ಚುತ್ತಿದ್ದರೆ ಅಥವಾ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಚರ್ಮ ಮೊದಲೇ ಒಣಗಿ ತೆಳುವಾಗಿರುತ್ತದೆ. ಮಣ್ಣು, ಬಜೆ, ಬೇವಿನ ಲೇಪಗಳನ್ನು ನಿಲ್ಲಿಸಿ.

ಮುಖಕ್ಕೆ ಬೇಡವಾದವು

ನಿಂಬೆರಸ ಚರ್ಮ ಸುಡುತ್ತದೆ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಏಳುತ್ತದೆ. ಅಡುಗೆ ಸೋಡಾ ಮತ್ತು ಟೂತ್‌ಪೇಸ್ಟ್ ಕೂಡ ಚರ್ಮದ ರಕ್ಷಣೆಯನ್ನು ಕೆಡಿಸುತ್ತವೆ. ಸಕ್ಕರೆ, ಉಪ್ಪು, ತರಿಯಾದ ಕಡಲೆಹಿಟ್ಟಿನಿಂದ ಉಜ್ಜಿದರೆ ಕೀವಿನ ಗುಳ್ಳೆ ಒಡೆದು ಉರಿಯೂತ ಹರಡುತ್ತದೆ. ಕೊಬ್ಬರಿ ಎಣ್ಣೆ ರಂಧ್ರ ಕಟ್ಟುವ ಎಣ್ಣೆಗಳ ಸಾಲಿಗೆ ಸೇರಿದ್ದು, ಮೊಡವೆ ಇರುವ ಮುಖಕ್ಕೆ ಬೇಡ. ಉಗುರಿನಿಂದ ಹಿಸುಕುವುದು ಕುಳಿ ಬೀಳಲು ಒಂದು ಮುಖ್ಯ ಕಾರಣ.

ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಗಳು

‘ಗಿಡಮೂಲಿಕೆ ತಾನೆ, ಏನೂ ಆಗುವುದಿಲ್ಲ’ ಎಂಬ ಮಾತನ್ನು ಔಷಧಿ ಅಂಗಡಿಯ ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಪರಿಣಾಮ ಮಾಡುವ ಶಕ್ತಿ ಇರುವ ಯಾವ ಪದಾರ್ಥಕ್ಕೂ ಅಡ್ಡಪರಿಣಾಮ ಇದ್ದೇ ಇರುತ್ತದೆ. ಈ ಕೆಳಗಿನವುಗಳನ್ನು ನೋಂದಾಯಿತ ಆಯುರ್ವೇದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಆಸವ, ಅರಿಷ್ಟಗಳು: ಸಾರಿವಾದ್ಯಾಸವ, ಖದಿರಾರಿಷ್ಟ ಮೊದಲಾದವು ಹುದುಗು ಬರಿಸಿ ಮಾಡಿದ ಔಷಧಿಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವೂ ಬೆಲ್ಲ ಅಥವಾ ಸಕ್ಕರೆಯೂ ಇರುತ್ತವೆ. ಮಧುಮೇಹ, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮೆಟ್ರೊನಿಡಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮಂಜಿಷ್ಠ: ಚರ್ಮದ ತೊಂದರೆಗಳಿಗೆ ಬಹಳ ಬಳಕೆಯಲ್ಲಿರುವ ಬೇರು. ಮೂತ್ರ ಕೆಂಪಗೆ ಬರಬಹುದು. ಗರ್ಭಿಣಿಯರಿಗೆ ಬೇಡ.

ಗುಗ್ಗುಲು ಇರುವ ಮಾತ್ರೆಗಳು: ಕೈಶೋರ ಗುಗ್ಗುಲು ಮುಂತಾದವು. ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಪ್ರೊಪ್ರನಲಾಲ್ ಅಥವಾ ಡಿಲ್ಟಿಯಾಜೆಮ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಜ್ಯೇಷ್ಠಮಧು: ಅತಿಮಧುರ ಎಂದೂ ಕರೆಯುತ್ತಾರೆ. ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ತ್ರಿಫಲ: ಮಲ ಸಡಿಲಿಸುತ್ತದೆ. ಭೇದಿಯಾಗುವಷ್ಟು ತೆಗೆದುಕೊಂಡರೆ ಮೊಡವೆ ಬೇಗ ಹೋಗುತ್ತದೆ ಎಂಬುದು ತಪ್ಪು.

ಅರಿಶಿನದ ಕ್ಯಾಪ್ಸೂಲ್: ಸಾರಿನಲ್ಲಿ ಹಾಕುವ ಅರಿಶಿನಕ್ಕೂ ಸಾಂದ್ರಗೊಳಿಸಿದ ಕ್ಯಾಪ್ಸೂಲಿಗೂ ಬಹಳ ಅಂತರವಿದೆ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಬೇವಿನ ರಸ: ಗರ್ಭಿಣಿಯರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಕುಡಿಯಬಾರದು. ಚಿಕ್ಕ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸುವುದು ಪ್ರಾಣಕ್ಕೇ ಅಪಾಯ.

ಪಾದರಸ, ಹರಿತಾಳ ಮುಂತಾದ ಖನಿಜಗಳಿರುವ ರಸೌಷಧಿಗಳನ್ನು ಸ್ವಂತಕ್ಕೆ ಎಂದೂ ಕೊಳ್ಳಬೇಡಿ. ವಮನ, ವಿರೇಚನಗಳೂ ವೈದ್ಯರ ಕಣ್ಣೆದುರು ನಡೆಯಬೇಕಾದ ಚಿಕಿತ್ಸೆಗಳು.

ನಿಮ್ಮ ಊರಿನ ಅಂಗಡಿಯಲ್ಲಿ ಏನೆಂದು ಕೇಳಬೇಕು?

ಅಮ್ಮ ಊರಿನಿಂದ ಫೋನಿನಲ್ಲಿ ಹೇಳಿದ ಹೆಸರು ಮುಂಬೈಯ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಹೆಸರು ತಪ್ಪಾದರೆ ಬೇರೆಯೇ ಬೇರು ಮನೆಗೆ ಬರುತ್ತದೆ. ಮದ್ರಾಸಿನ ‘ನಾಟ್ಟು ಮರುಂದು ಕಡೈ’ ಇರಲಿ, ದೆಹಲಿಯ ಪನ್ಸಾರಿ ಅಂಗಡಿ ಇರಲಿ, ಈ ಹೆಸರುಗಳನ್ನು ಬಳಸಿ:

• ಬೇವು: ಮರಾಠಿಯಲ್ಲಿ ಕಡುನಿಂಬ, ಹಿಂದಿಯಲ್ಲಿ ನೀಮ್, ತಮಿಳಿನಲ್ಲಿ ವೇಪ್ಪಿಲೈ, ತೆಲುಗಿನಲ್ಲಿ ವೇಪಾಕು.
• ಲೋಳೆಸರ: ಮರಾಠಿಯಲ್ಲಿ ಕೋರಫಡ, ಹಿಂದಿಯಲ್ಲಿ ಘೃತಕುಮಾರಿ, ತಮಿಳಿನಲ್ಲಿ ಕಟ್ರಾಳೈ, ತೆಲುಗಿನಲ್ಲಿ ಕಲಬಂದ.
• ಬಜೆ: ಮರಾಠಿಯಲ್ಲಿ ವೇಖಂಡ, ಹಿಂದಿಯಲ್ಲಿ ಬಚ್, ತಮಿಳಿನಲ್ಲಿ ವಸಂಬು, ತೆಲುಗಿನಲ್ಲಿ ವಸ.
• ಸೊಗದೇಬೇರು: ಸಾರಿವಾದ್ಯಾಸವದ ಮುಖ್ಯ ಬೇರು. ಹಿಂದಿಯಲ್ಲಿ ಅನಂತಮೂಲ, ತಮಿಳಿನಲ್ಲಿ ನನ್ನಾರಿ, ತೆಲುಗಿನಲ್ಲಿ ಸುಗಂಧಿ.
• ಕಸ್ತೂರಿ ಅರಿಶಿನ: ತಮಿಳಿನಲ್ಲಿ ಕಸ್ತೂರಿ ಮಂಜಳ್.

ಪುಡಿಗಿಂತ ಇಡಿಯ ಬೇರು, ಕೊಂಬು, ತೊಗಟೆ ಕೊಳ್ಳಿ. ಇಡಿಯದರಲ್ಲಿ ಕಲಬೆರಕೆ ಮಾಡುವುದು ಕಷ್ಟ.

‘ಹರ್ಬಲ್’ ಕ್ರೀಮ್ ಕೊಳ್ಳುವ ಮೊದಲು

ಈ ಭಾಗವನ್ನು ದಯವಿಟ್ಟು ಬಿಟ್ಟುಹೋಗಬೇಡಿ. ಮನೆಯಲ್ಲಿ ಅರೆದ ಲೇಪಕ್ಕಿಂತ ಹೆಚ್ಚು ಹಾನಿ ಆಗುತ್ತಿರುವುದು ಡಬ್ಬಿಯಲ್ಲಿ ಬರುವ ಕ್ರೀಮುಗಳಿಂದ.

ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಇವು ಸ್ಟೆರಾಯ್ಡ್‌ಗಳು. ಮುಖಕ್ಕೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಚರ್ಮ ಬೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಮೊಡವೆ ಎರಡರಷ್ಟಾಗಿ ಬರುತ್ತದೆ, ಮತ್ತೆ ಹಚ್ಚಲೇಬೇಕಾಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವವರಿದ್ದಾರೆ. ಹೆಸರಿಲ್ಲದ ಡಬ್ಬಿಯ ‘ಗಿಡಮೂಲಿಕೆ’ ಕ್ರೀಮಿನಲ್ಲಿ ಇವನ್ನೇ ಬೆರೆಸಿ ಮಾರುವುದೂ ಉಂಟು.

ಇನ್ನೊಂದು ಅಪಾಯ ಪಾದರಸ. ಬಿಳುಪಿನ ಕ್ರೀಮುಗಳಲ್ಲಿ ಅಡಗಿರುವ ಪಾದರಸ ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯ ಪ್ರಕರಣಗಳಿಗೆ ಇಂಥ ಕ್ರೀಮುಗಳ ನಂಟು ಕಂಡುಬಂದು ದೇಶದಾದ್ಯಂತ ಸುದ್ದಿಯಾಗಿತ್ತು.

ಡಬ್ಬಿ ಕೈಯಲ್ಲಿ ಹಿಡಿದಾಗ ಇವನ್ನು ನೋಡಿ:

• ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ ಇದೆಯೇ?
• ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇದೆಯೇ?
• ಎಲ್ಲ ಘಟಕಗಳ ಹೆಸರು ಮತ್ತು ಪ್ರಮಾಣ ಬರೆದಿದೆಯೇ? ‘ರಹಸ್ಯ ಸೂತ್ರ’ ಎಂದಿದ್ದರೆ ಕೆಳಗಿಡಿ.
• ‘7 ದಿನದಲ್ಲಿ ಗ್ಯಾರಂಟಿ’ ಎಂದು ಬರೆದಿದೆಯೇ? ಬರೆದಿದ್ದರೆ ಅದೂ ಬೇಡ.

ಈಗಾಗಲೇ ಇಂಥ ಕ್ರೀಮನ್ನು ತಿಂಗಳುಗಳಿಂದ ಹಚ್ಚುತ್ತಿದ್ದರೆ ಗಾಬರಿಯಾಗಬೇಡಿ. ಡಬ್ಬಿಯ ಸಮೇತ ಚರ್ಮರೋಗ ತಜ್ಞರನ್ನು ಕಾಣಿರಿ. ಬಿಡುವಾಗ ಮುಖ ಕೆಂಪಾಗಿ ಉರಿಯುವುದು ಸಾಮಾನ್ಯ, ಅದಕ್ಕೆ ಅವರು ದಾರಿ ತೋರಿಸುತ್ತಾರೆ. ಔಷಧಿಯ ಅಡ್ಡಪರಿಣಾಮವನ್ನು ತಿಳಿಸಲು ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024 ಇದೆ.

ಊಟ, ತಲೆಗೆ ಎಣ್ಣೆ, ದಿನಚರಿ

ಸಿಹಿತಿಂಡಿ, ಮೈದಾ, ತಂಪು ಪಾನೀಯಗಳಂತೆ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ. ಹಾಲು ಮತ್ತು ಜಿಮ್‌ಗೆ ಹೋಗುವವರು ಕುಡಿಯುವ ವೇ ಪ್ರೋಟೀನ್ ಪುಡಿಯ ಬಗ್ಗೆಯೂ ಇದೇ ಮಾತಿದೆ. ಕರಿದದ್ದು ತಿಂದರೆ ಆ ಎಣ್ಣೆಯೇ ಮುಖದಲ್ಲಿ ಬರುತ್ತದೆ ಎಂಬುದು ಮಾತ್ರ ನಿಜವಲ್ಲ. ಮಗುವಿನ ತಟ್ಟೆಯಿಂದ ಎಲ್ಲವನ್ನೂ ತೆಗೆದುಹಾಕುವ ಅಗತ್ಯವಿಲ್ಲ. ಒಂದು ಆಹಾರ ಬಿಟ್ಟು ಒಂದೂವರೆ ತಿಂಗಳು ನೋಡಿ, ವ್ಯತ್ಯಾಸ ಕಂಡರೆ ಮುಂದುವರಿಸಿ.

ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ ಮಾತ್ರ ಮೊಡವೆ ಇದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನು ಸಂಶಯಿಸಿ. ಎಣ್ಣೆಸ್ನಾನ ಬಿಡಬೇಕಿಲ್ಲ, ಎಣ್ಣೆ ಹಚ್ಚಿ ರಾತ್ರಿಯಿಡೀ ಮಲಗುವುದನ್ನು ಬಿಡಿ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿ. ಹೆಲ್ಮೆಟ್ಟಿನ ಪಟ್ಟಿ ತಾಗುವ ಗಲ್ಲದಲ್ಲಿ ಮೊಡವೆ ಇದ್ದರೆ ಪಟ್ಟಿ ಮತ್ತು ಒಳಗಿನ ಬಟ್ಟೆಯನ್ನು ಆಗಾಗ ಒಗೆಯಿರಿ.

ಮುಂಬೈ, ಚೆನ್ನೈಯ ಸೆಕೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಸೋಪು ಹಾಕಿ ಮುಖ ತೊಳೆಯುವವರಿದ್ದಾರೆ. ಎರಡು ಸಲ ಸಾಕು, ಬೆವರು ಬಂದರೆ ಬರಿ ನೀರಿನಿಂದ ತೊಳೆಯಿರಿ. ದೆಹಲಿಯ ಚಳಿಗಾಲದಲ್ಲಿ ಇದೇ ಮುಖ ಒಣಗಿ ಬಿಗಿಯುತ್ತದೆ. ಆಗ ಮುಲ್ತಾನಿ ಮಿಟ್ಟಿ ನಿಲ್ಲಿಸಿ, ಎಣ್ಣೆಯಂಶವಿಲ್ಲದ ಮಾಯಿಶ್ಚರೈಸರ್ ಹಚ್ಚಿ.

8 ವಾರಗಳ ಸರಳ ಕ್ರಮ

ಬೆಳಿಗ್ಗೆ: ಮೃದುವಾದ ಫೇಸ್‌ವಾಶ್, ನಂತರ ಲೋಳೆಸರದ ಜೆಲ್ ಅಥವಾ ಹಗುರ ಮಾಯಿಶ್ಚರೈಸರ್, ಹೊರಗೆ ಹೋಗುವಾಗ ಎಸ್‌ಪಿಎಫ್ 30ರ ಜೆಲ್ ಸನ್‌ಸ್ಕ್ರೀನ್. ಬಿಸಿಲು ಕಲೆಗಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ.

ಸಂಜೆ: ಫೇಸ್‌ವಾಶ್. ವಾರಕ್ಕೆ ಎರಡು ದಿನ, ಕತ್ತಲಾಗುವ ಮೊದಲು, ನೀವು ಆರಿಸಿದ ಒಂದು ಲೇಪ.

ಮೊದಲ ದಿನ, 4ನೇ ವಾರ, 8ನೇ ವಾರ ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ. 8 ವಾರದ ಫೋಟೊದಲ್ಲಿ ಗುಣ ಕಂಡರೆ ಮುಂದುವರಿಸಿ. ಕಾಣದಿದ್ದರೆ ಇನ್ನೊಂದು ಲೇಪ ಹುಡುಕಬೇಡಿ, ವೈದ್ಯರನ್ನು ಕಾಣಿರಿ.

ಈ ಸಂದರ್ಭಗಳಲ್ಲಿ 8 ವಾರ ಕಾಯಬೇಡಿ

• ಆಳವಾದ, ನೋಯುವ ಗಂಟುಗಳು, ಅಥವಾ ಕುಳಿ ಬೀಳಲು ಆರಂಭವಾಗಿದ್ದರೆ.
• ಮೊಡವೆಯ ಜೊತೆ ಮುಟ್ಟು ಏರುಪೇರಾಗಿದ್ದು ಗಲ್ಲ, ಮೇಲ್ತುಟಿಯಲ್ಲಿ ಕೂದಲು ಬೆಳೆಯುತ್ತಿದ್ದರೆ. ಇದು ಪಿಸಿಒಎಸ್ ಇರಬಹುದು.
• ಹಣೆ, ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ, ಬಹಳ ತುರಿಸುವ ಗುಳ್ಳೆಗಳಿದ್ದರೆ. ಅದು ಮೊಡವೆಯಲ್ಲ, ಶಿಲೀಂಧ್ರದ ಸೋಂಕು ಇರಬಹುದು.
• ಹೊಸ ಔಷಧಿ ಆರಂಭಿಸಿದ ಮೇಲೆ ಒಮ್ಮೆಲೇ ಬಂದಿದ್ದರೆ. ಸ್ಟೆರಾಯ್ಡ್, ಲಿಥಿಯಂ, ಫೆನಿಟಾಯಿನ್, ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಹೆಚ್ಚು ಪ್ರಮಾಣದ ವಿಟಮಿನ್ ಬಿ12 ಮೊಡವೆಯಂಥ ಗುಳ್ಳೆ ತರಬಲ್ಲವು. ಆ ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ.
• ಜ್ವರ, ಕೀಲುನೋವಿನ ಜೊತೆ ಮೊಡವೆ ಒಮ್ಮೆಲೇ ಉಲ್ಬಣಿಸಿದರೆ.

ಚರ್ಮರೋಗ ತಜ್ಞರು ಏನು ಕೊಡಬಹುದು?

ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದು ಬಟ್ಟೆಯ ಬಣ್ಣ ತೆಗೆಯುವುದರಿಂದ ಬಿಳಿ ದಿಂಬಿನ ಹೊದಿಕೆ ಬಳಸಿ. ಅಡಪಲೀನ್ ರಂಧ್ರದ ಬಿರಡೆ ಬಿಡಿಸುತ್ತದೆ. ಮೊದಲ ಕೆಲವು ವಾರ ಚರ್ಮ ಸುಲಿಯುವುದರಿಂದ ಬಟಾಣಿ ಕಾಳಿನಷ್ಟನ್ನೇ ಇಡೀ ಮುಖಕ್ಕೆ ರಾತ್ರಿ ಹಚ್ಚಬೇಕು. ಅಗತ್ಯವಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲವು ವಾರ ಕೊಡುತ್ತಾರೆ.

ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಪರಿಣಾಮಕಾರಿ. ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುವ ಔಷಧಿ ಇದು. ಆದರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಅಂಗವೈಕಲ್ಯ ತರುತ್ತದೆ. ಆದ್ದರಿಂದ ಮಾತ್ರೆ ತೆಗೆದುಕೊಳ್ಳುವಾಗ ಮತ್ತು ನಿಲ್ಲಿಸಿದ ಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಯಾರದೋ ಹಳೆಯ ಚೀಟಿ ತೋರಿಸಿ ಇದನ್ನು ಕೊಳ್ಳಬೇಡಿ, ವಿಟಮಿನ್ ಎ ಮಾತ್ರೆಗಳನ್ನು ಇದರ ಜೊತೆ ತೆಗೆದುಕೊಳ್ಳಬೇಡಿ.

ಅಲೋಪತಿ ವೈದ್ಯರಿಗೆ ನೀವು ತೆಗೆದುಕೊಳ್ಳುತ್ತಿರುವ ಕಷಾಯದ ಹೆಸರನ್ನೂ, ಆಯುರ್ವೇದ ವೈದ್ಯರಿಗೆ ನೀವು ನುಂಗುತ್ತಿರುವ ಮಾತ್ರೆಯ ಹೆಸರನ್ನೂ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಎರಡೂ ಒಂದೇ ದೇಹಕ್ಕೆ ಹೋಗುತ್ತವೆ.

ಮನೆಯ ಹಿರಿಯರಿಗೆ ಒಂದು ಮಾತು

ಮಗ ಕಾಲೇಜಿನ ಫೋಟೊದಿಂದ ತಪ್ಪಿಸಿಕೊಳ್ಳುತ್ತಿದ್ದರೆ, ಮಗಳು ಮದುವೆ ಮನೆಗೆ ಬರುವುದಿಲ್ಲ ಎನ್ನುತ್ತಿದ್ದರೆ ಅದನ್ನು ಸೋಗು ಎನ್ನಬೇಡಿ. ‘ಮುಖ ಸರಿಯಾಗಿ ತೊಳೆದುಕೊಳ್ಳುವುದಿಲ್ಲ’, ‘ರಾತ್ರಿಯೆಲ್ಲ ಮೊಬೈಲ್ ನೋಡುತ್ತಾಳೆ, ಅದಕ್ಕೇ’ ಎಂದು ಬಂದವರೆದುರು ಹೇಳಬೇಡಿ. ವಯಸ್ಸಾದರೆ ತಾನಾಗಿ ಹೋಗುತ್ತದೆ ಎಂಬ ಮಾತು ಸೌಮ್ಯ ಮೊಡವೆಯ ಮಟ್ಟಿಗೆ ಬಹುಪಾಲು ನಿಜ. ತೀವ್ರವಾದ ಮೊಡವೆಯೂ ಹೋಗುತ್ತದೆ, ಅದರ ಕುಳಿಗಳು ಹೋಗುವುದಿಲ್ಲ. ಮಕ್ಕಳು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಅಜ್ಜಿ ತೇಯ್ದು ಕೊಟ್ಟ ಗಂಧ ಹಚ್ಚಿಕೊಳ್ಳಲು ಅಡ್ಡಿಯಿಲ್ಲ. 8ನೇ ವಾರದ ಫೋಟೊ ನೋಡುವುದನ್ನು ಮಾತ್ರ ಮರೆಯಬೇಡಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೇರೆ ಕಾಯಿಲೆಗೆ ದಿನವೂ ಔಷಧಿ ತೆಗೆದುಕೊಳ್ಳುವವರು ಯಾವ ಔಷಧಿಯನ್ನಾದರೂ ಆರಂಭಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು.